ಶನಿಯನ್ನು ಬದಿಯಿಂದ ನೋಡಿದ ಸಂಜೆ

ಗ್ರಹಗಳ ಹೆಸರು ನನಗೆ ಮೊದಲು ಗೊತ್ತಾದದ್ದು ಶಾಲೆಯಲ್ಲಲ್ಲ, ನಮ್ಮ ಅಡುಗೆಮನೆಯಲ್ಲಿ. ವಡಾಲದ ಆ ಹಳೇ ಬಿಲ್ಡಿಂಗಿನಲ್ಲಿ ನಮಗಿದ್ದದ್ದು ಒಂದು ಕೋಣೆ, ಒಂದು ಅಡುಗೆಮನೆ, ಮೇಲೆ ಹಾಸಿಗೆಗಳನ್ನು ಒತ್ತಿ ತುಂಬಿದ ಒಂದು ಅಟ್ಟ. ಕೋಣೆಗೂ ಅಡುಗೆಮನೆಗೂ ನಡುವಿನ ಹೊಸ್ತಿಲ ಪಕ್ಕ ಅಪ್ಪನ ತಾಯಿ, ನನ್ನ ಅಜ್ಜಿ, ಮಣೆ ಹಾಕಿಕೊಂಡು ಕೂತುಬಿಟ್ಟರೆ ಯಾರೂ ಅವಳನ್ನು ದಾಟದೆ ನೀರು ಕುಡಿಯಲೂ ಹೋಗುವ ಹಾಗಿರಲಿಲ್ಲ. ಅಲ್ಲಿ ಕೂತೇ ಅವಳು ಉಡುಪಿಯಲ್ಲಿದ್ದ ತನ್ನ ತಂಗಿಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ಗುರು ಈಗ ಒಳ್ಳೆಯ ಮನೆಯಲ್ಲಿದ್ದಾನಂತೆ, ಶುಕ್ರನಿಂದ ಏನೂ ತೊಂದರೆಯಿಲ್ಲವಂತೆ, ಕುಜನದ್ದೇ ಸ್ವಲ್ಪ ಕಿರಿಕಿರಿಯಂತೆ. ಬಹಳ ಕಾಲ ನಾನು ಈ ಕುಜ ಎನ್ನುವವನು ಕುಂದಾಪುರದ ಕಡೆಯ ಯಾರೋ ನೆಂಟ, ಮದುವೆಮನೆಗೆ ಬಂದು ಜಗಳ ತೆಗೆಯುವ ಪೈಕಿ ಎಂದೇ ತಿಳಿದಿದ್ದೆ. ಐದನೇ ಕ್ಲಾಸಿನ ಪುಸ್ತಕದಲ್ಲಿ ಅವನ ಕೆಂಪು ಚಿತ್ರ ನೋಡಿದಾಗ ನನಗೆ ಆದ ಖುಷಿ ಹೇಳಲಾಗದು. ಅರೆ, ಇವರು ನಮ್ಮವರೇ! ಅವತ್ತು ಹಿಡಿದ ಹುಚ್ಚು ಈಗಲೂ ಬಿಟ್ಟಿಲ್ಲ. ಯಾರೂ ಕಲಿಸಿದ್ದಲ್ಲ. ರದ್ದಿ ಅಂಗಡಿಯ ಪುಸ್ತಕ, ಅಮ್ಮನ ಫೋನಿನಲ್ಲಿ ನೋಡಿದ ವೀಡಿಯೋ, ಮತ್ತೆ ಅಜ್ಜಿ. ಇಷ್ಟೇ ನನ್ನ ಗುರುಕುಲ.

ನಾನು ಹೇಳಹೊರಟಿರುವುದು ಏಳನೇ ಕ್ಲಾಸಿನ ವರ್ಷದ ಕಥೆ. ಆ ವರ್ಷ ಅಪ್ಪ ಮನೆಯಲ್ಲಿದ್ದ. ಮುಂಬಯಿಯಲ್ಲಿ ಹೋಟೆಲಿನವರ ಮಕ್ಕಳಾಗಿ ಬೆಳೆದವರಿಗೆ ಈ ವಾಕ್ಯದ ಭಾರ ಗೊತ್ತಾಗುತ್ತದೆ. ಅಪ್ಪ ಎಂದರೆ ನಾವು ಏಳುವ ಮೊದಲೇ ಹೋದವನು, ನಾವು ಮಲಗುವ ಹೊತ್ತಿಗೆ ತುಪ್ಪ ಮತ್ತು ಬೆವರಿನ ವಾಸನೆಯಾಗಿ ಒಳಗೆ ಬಂದವನು. ಮಾಟುಂಗದ ಒಂದು ಹಳೇ ಉಡುಪಿ ಹೋಟೆಲಿನಲ್ಲಿ ದೋಸೆಯ ಕಾವಲಿ ಅವನದ್ದು. ಆ ಹೋಟೆಲು ಮುಚ್ಚಿತು. ಮಾಲಕರ ಮಕ್ಕಳಿಗೆ ನಡೆಸುವ ಮನಸ್ಸಿರಲಿಲ್ಲ, ಅಷ್ಟೆ. ಅಪ್ಪ ಮಾತ್ರ ಎಂದಿನಂತೆ ಕತ್ತಲಿರುವಾಗಲೇ ಎದ್ದು, ಸ್ನಾನ ಮಾಡಿ, ತಲೆ ಬಾಚಿ, ಆಮೇಲೆ ಎಲ್ಲಿಗೂ ಹೋಗಲಿಕ್ಕಿಲ್ಲದೆ ಕಿಟಕಿಯ ಹತ್ತಿರ ನಿಲ್ಲುತ್ತಿದ್ದ. ಅಮ್ಮ ಹತ್ತಿರದ ಆಫೀಸಿನವರಿಗೆ ಊಟದ ಡಬ್ಬ ಕಟ್ಟಿ ಕಳಿಸುತ್ತಿದ್ದಳು. ಆ ಅಡುಗೆಮನೆಗೆ ಅಪ್ಪ ನುಗ್ಗತೊಡಗಿದ. ಅವನಿಗೆ ಸ್ವಲ್ಪ ಅಡುಗೆ ಎಂಬುದೇ ಬರುತ್ತಿರಲಿಲ್ಲ. ಸಾಂಬಾರು ಮಾಡು ಎಂದರೆ ನಲವತ್ತು ಜನಕ್ಕೆ ಮಾಡುತ್ತಿದ್ದ. ಮನೆಯ ಪುಟ್ಟ ಕಾವಲಿಯ ಮೇಲೆ ಹಿಟ್ಟು ಹುಯ್ದು ತಿರುಗಿಸಿದರೆ ಅದು ಅಂಚು ದಾಟಿ ಸ್ಟೌವಿನ ಮೇಲೆ ಚೆಲ್ಲುತ್ತಿತ್ತು. ಅವನ ಕೈಗೆ ಅಷ್ಟು ಚಿಕ್ಕ ವೃತ್ತ ಅಭ್ಯಾಸವಿರಲಿಲ್ಲ.

“ನೀವು ಸ್ವಲ್ಪ ಹೊರಗೆ ಕೂತ್ಕೊಳ್ಳಿ ಮಾರಾಯ್ರೆ. ಡಬ್ಬದವ ಬರುವ ಹೊತ್ತಾಯ್ತು.”

“ನಿನ್ನ ಚಟ್ನಿಗೆ ಹುಳಿ ಕಮ್ಮಿ ಉಂಟು ಅಂತ ಹೇಳಿದ್ದಷ್ಟೇ.”

“ತಿನ್ನುವವರಿಗೆ ಸಮ ಉಂಟಲ್ಲ? ಸಾಕು.”

ಹೀಗೆ ಶುರುವಾದದ್ದು ಎಲ್ಲಿಗೋ ಹೋಗಿ, ಕೊನೆಗೆ ಇಬ್ಬರೂ ಮಾತು ನಿಲ್ಲಿಸಿ, ಕುಕ್ಕರಿನ ಸೀಟಿ ಮಾತ್ರ ಕೇಳುವ ಮಧ್ಯಾಹ್ನಗಳು ನಮ್ಮ ಮನೆಯಲ್ಲಿ ಬಹಳ ಇದ್ದವು. ಅಪ್ಪನಿಗೆ ಕೆಲಸ ಸಿಗಲಿಲ್ಲ ಎಂದಲ್ಲ. ಅವನು ಹುಡುಕಲೇ ಇಲ್ಲ. ಅಜ್ಜಿಯ ಲೆಕ್ಕದಲ್ಲಿ ಅವನಿಗೆ ಸಾಡೆಸಾತಿ ನಡೆಯುತ್ತಿತ್ತು. ಎಂದರೆ ಶನಿ ಅವನ ರಾಶಿಯ ಆಚೆ ಈಚೆ ಏಳೂವರೆ ವರ್ಷ ಕೂರುವ ಕಾಲ. ಮುಗಿಯಲು ಇನ್ನೊಂದು ದೀಪಾವಳಿ ಕಳೆಯಬೇಕು, ಅಲ್ಲಿಯವರೆಗೆ ಹೊಸದೇನನ್ನೂ ಶುರು ಮಾಡಬಾರದು. ಹೋಟೆಲು ಮುಚ್ಚಿದ್ದೂ ಶನಿಯಿಂದಲೇ ಎಂದು ಅಪ್ಪ ನಂಬಿಬಿಟ್ಟಿದ್ದ.

ಶನಿವಾರದ ಬೆಳಿಗ್ಗೆ ನಾವೆಲ್ಲ ಹತ್ತಿರದ ಗುಡಿಗೆ ಹೋಗುತ್ತಿದ್ದೆವು. ಎಳ್ಳೆಣ್ಣೆಯ ಪುಟ್ಟ ಸೀಸೆ ನನ್ನ ಕೈಯಲ್ಲಿ. ಅಲ್ಲಿ ಅಜ್ಜಿಯ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಬೇರೆ ದೇವರ ಎದುರು ಕಣ್ತುಂಬ ನಿಂತು ನೋಡಬಹುದು. ಶನಿಯ ಎದುರು ಮಾತ್ರ ನೇರ ನಿಲ್ಲಬಾರದು. ಅವನ ಕಣ್ಣು ನೆಟ್ಟಗೆ ಬೀಳುವ ಜಾಗ ಬಿಟ್ಟು, ಬದಿಗೆ ನಿಂತು, ಓರೆಯಾಗಿ ಕೈಮುಗಿಯಬೇಕು. ಮರೆತು ಮಧ್ಯಕ್ಕೆ ಹೋದೆನೋ, ಅವಳ ಕೈ ಬಂದು ನನ್ನ ಫ್ರಾಕಿನ ಕಾಲರು ಹಿಡಿಯುತ್ತಿತ್ತು.

“ಈಚೆ ಬಾ! ನಿನ್ನ ಮಂಡೆ ಸಮ ಉಂಟಾ? ಅವನ ಕಣ್ಣಿಗೆ ಯಾಕೆ ಬೀಳ್ತಿ?”

ಅಪ್ಪ ಅಷ್ಟು ದೊಡ್ಡ ಮನುಷ್ಯ, ಕಂಬದ ಮರೆಯಲ್ಲಿ ಅರ್ಧ ಅಡಗಿ ನಿಂತು ದೀಪ ಹಚ್ಚುತ್ತಿದ್ದ. ಸಾಲ ಕೇಳಲು ಬಂದವನ ಹಾಗೆ ಕಾಣುತ್ತಾನೆ ಎಂದು ನನಗೆ ಅನಿಸುತ್ತಿತ್ತು. ಅವನನ್ನು ಹಾಗೆ ನೋಡುವುದು ನನಗೆ ಇಷ್ಟವಾಗುತ್ತಿರಲಿಲ್ಲ.

ಮಳೆ ಬಿಟ್ಟ ಮೇಲೆ ಒಂದು ದಿನ ಶೇಖರಣ್ಣ ಬಂದ. ಅಪ್ಪನ ಜೊತೆ ಅದೇ ಹೋಟೆಲಿನಲ್ಲಿ ಲೋಟ ತೊಳೆಯುವುದರಿಂದ ಶುರು ಮಾಡಿದವನು, ಈಗ ಘಾಟ್ಕೋಪರಿನಲ್ಲಿ ಮೆಟ್ರೋ ಇಳಿದು ಬರುವ ದಾರಿಯಲ್ಲಿ ಸ್ವಂತ ಹೋಟೆಲು ತೆರೆಯುತ್ತಿದ್ದ. ಚಾ ಕುಡಿಯುವ ಮೊದಲೇ ವಿಷಯಕ್ಕೆ ಬಂದ.

“ರಾಘು, ಅಡುಗೆಮನೆ ಪೂರ್ತಿ ನಿಂದು. ನಾನು ಒಳಗೆ ಕಾಲಿಡುದಿಲ್ಲ. ಹ್ಞೂಂ ಅಂತ ಹೇಳು.”

“ದೀಪಾವಳಿ ಕಳೀಲಿ ಶೇಖರ.”

“ದೀಪಾವಳಿಗೆ ಜನ ಬಂದು ಗ್ಯಾಸಿನ ಒಲೆಗೆ ಕೈಮುಗಿದು ಹೋಗ್ಬೇಕಾ? ಆದಿತ್ಯವಾರ ಬಂದು ಜಾಗ ನೋಡು. ಇಲ್ಲಾಂದ್ರೆ ಊರಿಂದ ಬೇರೆ ಜನ ಕರೆಸ್ತೇನೆ. ಬೇಜಾರು ಮಾಡ್ಬೇಡ ಆಮೇಲೆ.”

ಅವನು ಹೋದ ಮೇಲೆ ಅಮ್ಮ ಬಾಗಿಲು ಹಾಕಿ, ಚಿಲಕ ಸಿಕ್ಕಿಸಿ, ಅದಕ್ಕೆ ಬೆನ್ನು ಕೊಟ್ಟು ಸ್ವಲ್ಪ ಹೊತ್ತು ನಿಂತಳು. ಕಿರುಚಿದ್ದರೆ ಪರವಾಗಿರಲಿಲ್ಲ. ಅಮ್ಮ ಸುಮ್ಮನಾದರೆ ನನಗೆ ಹೆದರಿಕೆ.

ಅದೇ ವಾರ ಶಾಲೆಯಲ್ಲಿ ಟೀಚರು ಏಳನೆಯವರು ಐದನೆಯ ಮಕ್ಕಳಿಗೆ ಒಂದೊಂದು ಪಾಠ ಮಾಡಬೇಕು ಎಂದಿದ್ದರು. ನಾನು ಕೈ ಎತ್ತಿ, ಬೆಂಚಿನ ಮೇಲೆ ಹತ್ತುವುದೊಂದು ಬಾಕಿಯಿಟ್ಟು, ಸೌರಮಂಡಲ ತೆಗೆದುಕೊಂಡೆ. ಪುಸ್ತಕದ ಚಿತ್ರದ ಮೇಲೆ ನನಗೆ ಸಿಟ್ಟಿತ್ತು. ಎಲ್ಲ ಗ್ರಹಗಳೂ ಲೋಕಲ್ ರೈಲಿನ ಸೀಟಿನಲ್ಲಿ ಒತ್ತಿಕೊಂಡು ಕೂತ ಹಾಗೆ ಪಕ್ಕಪಕ್ಕದಲ್ಲಿ! ನಿಜವಾದ ದೂರ ತೋರಿಸಬೇಕು ಎಂದು ನಾನು ನಮ್ಮದೇ ಅಳತೆ ಮಾಡಿದೆ. ಮಾಟುಂಗದ ಹೋಟೆಲಿನಲ್ಲಿ ಅಪ್ಪ ದೋಸೆ ಹುಯ್ಯುತ್ತಿದ್ದ ಕಾವಲಿ ಸುಮಾರು ಒಂದು ಮೀಟರು ಅಗಲ. ಅದು ಸೂರ್ಯ. ಹಾಗಾದರೆ ಬುಧ ಒಂದು ಕೊತ್ತಂಬರಿ ಬೀಜ, ಶುಕ್ರ ಮತ್ತು ಭೂಮಿ ಒಂದೊಂದು ಕಡಲೆಕಾಳು, ಮಂಗಳ ಕಾಳುಮೆಣಸು. ಗುರು ಸಿಪ್ಪೆ ಸುಲಿದ ಸಣ್ಣ ತೆಂಗಿನಕಾಯಿ. ಶನಿ ಮೂಸಂಬಿ, ಅದಕ್ಕೆ ಸ್ವೀಟ್ ಬಾಕ್ಸಿನ ರಟ್ಟು ಕತ್ತರಿಸಿ ಉಂಗುರ. ಯುರೇನಸ್, ನೆಪ್ಚೂನ್ ಎರಡು ನಿಂಬೆಹಣ್ಣು. ಶುಕ್ರವಾರ ಸಂಜೆ ಇವನ್ನೆಲ್ಲ ಅಮ್ಮನ ಡಬ್ಬಗಳಿಂದ ಕದ್ದು ನೆಲದ ಮೇಲೆ ಹರಡಿ, ಮನೆಯವರನ್ನು ಮಕ್ಕಳ ಹಾಗೆ ಕೂರಿಸಿ ಪ್ರಾಕ್ಟೀಸ್ ಶುರು ಮಾಡಿದೆ.

“ಅಜ್ಜಿ, ಶನಿ ಒಂದು ರಾಶಿಯಲ್ಲಿ ಎಷ್ಟು ಸಮಯ ಇರ್ತಾನೆ?”

“ಎರಡೂವರೆ ವರ್ಷ.”

“ಹನ್ನೆರಡು ರಾಶಿ ಸುತ್ತಲಿಕ್ಕೆ?”

“ಮೂವತ್ತಾಯ್ತಲ್ಲ.”

“ನನ್ನ ಪುಸ್ತಕದಲ್ಲೂ ಹೆಚ್ಚುಕಡಿಮೆ ಅಷ್ಟೇ ಉಂಟು! ಸೂರ್ಯನ ಸುತ್ತ ಒಂದು ರೌಂಡಿಗೆ ಇಪ್ಪತ್ತೊಂಬತ್ತೂವರೆ ವರ್ಷ!”

“ಮತ್ತೆ? ನಾವೆಂತ ಸುಳ್ಳು ಹೇಳುವವರಾ?” ಅಜ್ಜಿ ಸೆರಗು ಸರಿಮಾಡಿಕೊಂಡು ಮುಂದಕ್ಕೆ ಸರಿದು ಕೂತಳು.

ಇದು ನನಗೇ ಹೊಳೆದ ಲೆಕ್ಕವಾದ್ದರಿಂದ ನನ್ನ ಉತ್ಸಾಹ ನೆತ್ತಿಗೇರಿತ್ತು. ನಾನು ದೂರಕ್ಕೆ ಬಂದೆ. ಸೂರ್ಯ ಹೋಟೆಲಿನ ಅಡುಗೆಮನೆಯಲ್ಲಿದ್ದರೆ ಭೂಮಿ ಅದೇ ರಸ್ತೆಯ ಹೂವಿನ ಅಂಗಡಿಯ ಹತ್ತಿರ. ಗುರು ನಮ್ಮ ಮನೆಗೆ ಬರುವ ಅರ್ಧ ದಾರಿಯಲ್ಲಿ. ಯುರೇನಸ್ ಸಯನ್‌ನಲ್ಲಿ, ನೆಪ್ಚೂನ್ ಪರೇಲಿನಲ್ಲಿ. ಮತ್ತು ಶನಿ? ಅಪ್ಪ ಹೋಟೆಲಿನಿಂದ ನಡೆದು ಬರುವಷ್ಟು ದೂರ. ಹಾಗಾಗಿ ಶನಿ ಇರುವುದು ಸರಿಯಾಗಿ ನಮ್ಮ ಬಿಲ್ಡಿಂಗಿನ ಗೇಟಿನಲ್ಲಿ! ಹೀಗೆಂದು ನಾನು ಉಂಗುರ ಹಾಕಿದ ಮೂಸಂಬಿಯನ್ನು ಎತ್ತಿ, ಬಾಗಿಲ ಹೊಸ್ತಿಲ ಮೇಲೆ ಇಟ್ಟೆ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಜ್ಜಿ “ಕೃಷ್ಣಾ...” ಎಂದು ಎದ್ದವಳೇ ದೇವರ ಗೂಡಿನ ಕಡೆ ಹೋದಳು. ಅಪ್ಪ ಹೊಸ್ತಿಲ ಮೇಲಿನ ಮೂಸಂಬಿಯನ್ನೇ ನೋಡುತ್ತಿದ್ದ.

“ಅಪ್ಪ, ಅದು ಬರೀ ಅಳತೆ. ನಿಜವಾಗಿ ಅವ ತುಂಬ ದೂರ...”

“ಗೊತ್ತಾಯ್ತು ಮಗಾ. ಅಜ್ಜಿ ಹೇಳಿದ್ದು ಸಮ ಉಂಟು, ಅವ ಇನ್ನೂ ಬಾಗಿಲಲ್ಲೇ ಇದ್ದಾನೆ.” ಆಮೇಲೆ ಒಳಗಿದ್ದ ಅಮ್ಮನಿಗೆ ಕೇಳುವಂತೆ, “ಶೇಖರನಿಗೆ ಬರುದಿಲ್ಲ ಅಂತ ಹೇಳಿಬಿಡುವ,” ಎಂದ.

ಅಮ್ಮ ಹೊರಬಂದು ಮೂಸಂಬಿ ಎತ್ತಿಕೊಂಡು, ರಟ್ಟಿನ ಉಂಗುರ ಕಿತ್ತು ಬಿಸಾಡಿ, ನನ್ನ ಕಡೆ ಒಮ್ಮೆ ನೋಡಿದಳು. ಆ ನೋಟ ನನಗೆ ಇವತ್ತಿಗೂ ಬರೆಯಲಿಕ್ಕೆ ಬರುವುದಿಲ್ಲ.

ನಮ್ಮ ಬಿಲ್ಡಿಂಗಿನ ಮೂರನೇ ಮಾಳಿಗೆಯಲ್ಲಿ ಸಾಳವಿ ಕಾಕಾ ಇದ್ದರು. ರಿಟೈರಾದ ಮೇಲೆ ಗಾಜು ಉಜ್ಜಿ ಉಜ್ಜಿ ಕನ್ನಡಿ ಮಾಡಿ, ಅದನ್ನು ದಪ್ಪನೆಯ ಪಿವಿಸಿ ಪೈಪಿನ ತಳಕ್ಕೆ ಕೂರಿಸಿ ಒಂದು ದೂರದರ್ಶಕ ಕಟ್ಟಿಕೊಂಡಿದ್ದರು. ಫಿರಂಗಿಯ ಹಾಗಿದ್ದ ಅದನ್ನು ಬಿಲ್ಡಿಂಗಿನವರು ಕಾಕಾನ ತೋಪು ಎನ್ನುತ್ತಿದ್ದರು. ಚಂದ್ರನನ್ನು ನಾನು ಅದರಲ್ಲಿ ನೋಡಿದ್ದೆ. ಶನಿ ಎಷ್ಟು ದೂರ, ಎಷ್ಟು ಸಣ್ಣ ಎಂದು ಅಪ್ಪನ ಕಣ್ಣಿಗೇ ತೋರಿಸಿದರೆ ನನ್ನ ಮೂಸಂಬಿ ಮಾಡಿದ ಅನಾಹುತ ಸರಿಹೋಗಬಹುದು ಎಂದು ನನ್ನ ಯೋಚನೆ. ಶನಿವಾರ ಗುಡಿಯಿಂದ ಬಂದವಳೇ ಕಾಕಾನ ಬಾಗಿಲು ಬಡಿದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಟೆರೇಸಿನಲ್ಲಿ ತೋಪು ಸಿದ್ಧವಾಯಿತು. ಅಪ್ಪನನ್ನು ಕೈ ಹಿಡಿದು ಎಳೆದೆ.

“ಗಾಳಿಗೆ ಬರ್ತೇನೆ. ನೋಡುದಿಲ್ಲ,” ಎಂದ ಅಪ್ಪ. ಅವನು ನೋಡದ ಹಾಗೆ ನೋಡಿಕೊಳ್ಳಲು ಅಜ್ಜಿ ಹೊರಟಳು. ಅಜ್ಜಿ ಮೆಟ್ಟಿಲಲ್ಲಿ ಬೀಳದ ಹಾಗೆ ಹಿಡಿದುಕೊಳ್ಳಲು ಅಮ್ಮ.

ಟೆರೇಸಿನಲ್ಲಿ ಯಾರದ್ದೋ ಬೆಡ್‌ಶೀಟುಗಳು ಒಣಗುತ್ತಿದ್ದವು. ದಾದರಿನ ಕಡೆಯ ಎತ್ತರದ ಕಟ್ಟಡಗಳ ಮೇಲೆ, ಇನ್ನೂ ಪೂರ್ತಿ ಕಪ್ಪಾಗದ ಆಕಾಶದಲ್ಲಿ, ಮಿನುಗದೆ ಸುಮ್ಮನೆ ಉರಿಯುತ್ತಿದ್ದ ಒಂದು ಚುಕ್ಕೆ. ಕಾಕಾ ಪೈಪನ್ನು ಆ ಕಡೆ ತಿರುಗಿಸಿ, ಬಗ್ಗಿ ನೋಡಿ, “ಆಯಿಯೇ, ಆಯಿಯೇ! ಶನಿ ಮಹಾರಾಜ್ ಹಾಜರ್ ಹೈ!” ಎಂದರು.

ಅಪ್ಪ ನೀರಿನ ಟ್ಯಾಂಕಿಗೆ ಒತ್ತಿ ನಿಂತ. ಅಜ್ಜಿ ಅವನ ಮುಂದೆ ಅಡ್ಡ ನಿಂತು ತನ್ನ ಹಿಂದಿಯಲ್ಲಿ ಘೋಷಿಸಿದಳು.

“ಹಮಾರೆ ಮೇ ಸಾಮ್ನೆ ಸೇ ನಹಿ ದೇಖ್ತಾ. ಶನಿ ಕಾ ಸಾಮ್ನೆ ನಹಿ ಖಡಾ ಹೋನೇ ಕಾ.”

ಕಾಕಾ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಇಷ್ಟೆಲ್ಲ ಓದಿದ ನನಗೆ ಶನಿಯ ಎದುರು ನಿಲ್ಲಬಾರದೆಂಬ ಗುಡಿಯ ನಿಯಮವೇ ಮರೆತುಹೋಗಿತ್ತು. ಆಗ ಅಮ್ಮ ಪೈಪಿನ ಸುತ್ತ ಒಂದು ಸುತ್ತು ಬಂದಳು. ಹೊಸ ಗ್ರೈಂಡರು ಕೊಳ್ಳುವಾಗ ನೋಡುವಂತೆ ತಳ ನೋಡಿದಳು, ಮೇಲೆ ನೋಡಿದಳು.

“ಅತ್ತೆ, ಇದರಲ್ಲಿ ಎದುರು ಎಲ್ಲಿ ಉಂಟು? ಕಣ್ಣಿಡುವ ತೂತು ಬದಿಗಲ್ವಾ ಇರುದು?”

ಹೌದಲ್ಲ! ಆ ಬಗೆಯ ದೂರದರ್ಶಕದಲ್ಲಿ ಬೆಳಕು ಪೈಪಿನ ಬಾಯಿಂದ ಇಳಿದು, ತಳದ ಕನ್ನಡಿಗೆ ತಾಗಿ ಮೇಲೆ ಬಂದು, ಬಾಯಿಯ ಹತ್ತಿರದ ಇನ್ನೊಂದು ಪುಟ್ಟ ಕನ್ನಡಿಯಿಂದ ಪಕ್ಕಕ್ಕೆ ತಿರುಗುತ್ತದೆ. ನೋಡುವವರು ಗ್ರಹದ ಕಡೆ ಮುಖ ಮಾಡುವುದೇ ಇಲ್ಲ, ಬದಿಯಲ್ಲಿ ನಿಂತು ನೋಡುತ್ತಾರೆ. ನಾನು ಇದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಅಜ್ಜಿಯ ಕಿವಿಗೆ ಬಿದ್ದದ್ದು ಒಂದೇ ಪದ.

“ಕನ್ನಡಿಯಾ?”

“ಎರಡು ಕನ್ನಡಿ ಅಜ್ಜಿ.”

ಅಜ್ಜಿ ಯೋಚಿಸಿದಳು. ಗ್ರಹಣದ ಸೂರ್ಯನನ್ನು ಅರಿಶಿನದ ನೀರಿನಲ್ಲಿ ನೋಡುತ್ತೇವಲ್ಲ, ಹಾಗೆ ಇದೂ ಎಂದು ಅವಳಷ್ಟಕ್ಕೇ ಹೇಳಿಕೊಂಡಳು. ಅಪ್ಪ ಒಂದು ಹೆಜ್ಜೆ ಮುಂದೆ ಬಂದ. ಅವಳು ಕೈಯಡ್ಡ ಇಟ್ಟು ಅವನನ್ನು ತಡೆದಳು.

“ನೀನು ನಿಲ್ಲು. ಮೊದಲು ನಾನು ನೋಡ್ತೇನೆ. ಆಗುದೆಂತಾದ್ರೂ ಇದ್ರೆ ನನಗಾಗಲಿ.”

ಕನ್ನಡಕ ತೆಗೆದು ಅಮ್ಮನ ಕೈಗೆ ಕೊಟ್ಟು, ಸೆರಗು ತಲೆಗೆ ಹೊದ್ದು, ಅಜ್ಜಿ ಬಗ್ಗಿದಳು. ಕಾಕಾ ಅವಳ ಕಣ್ಣಿಗೆ ಹೊಂದಿಸಿ ಕೊಟ್ಟರು.

“ಅಯ್ಯೋ,” ಎಂದಳು ಅಜ್ಜಿ, ತುಂಬ ಮೆಲ್ಲಗೆ. “ಎಂತ ಚಂದ ಮಾರಾಯ್ತಿ! ಇವನಿಗೆ ಬಳೆ ತೊಡಿಸಿದ್ದು ಯಾರು?”

ಅಮ್ಮ ನಕ್ಕಳು. ಎಷ್ಟೋ ತಿಂಗಳ ಮೇಲೆ ಅಮ್ಮ ನಕ್ಕಿದ್ದು. ಅಜ್ಜಿ ಕಣ್ಣು ತೆಗೆಯಲು ಒಪ್ಪಲಿಲ್ಲ, ನಾವೇ ಬಿಡಿಸಬೇಕಾಯಿತು. ಆಮೇಲೆ ಅಪ್ಪ ಬಂದ. ಚಪ್ಪಲಿ ಕಳಚಿ, ಪೈಪಿನ ಬದಿಯಲ್ಲಿ ಕೈಕಟ್ಟಿ ನಿಂತು, ಗುಡಿಯಲ್ಲಿ ಬಗ್ಗುವ ಹಾಗೇ ಬಗ್ಗಿದ. ಬೆಣ್ಣೆಯ ಬಣ್ಣದ ಪುಟ್ಟ ಉಂಡೆ, ಅದರ ಸುತ್ತ ಯಾರೋ ಸೂಜಿಯಲ್ಲಿ ಕೊರೆದಂಥ ಉಂಗುರ. ಅಪ್ಪನಿಗೆ ಅದು ಹೇಗೆ ಕಂಡಿತೋ ನನಗೆ ಗೊತ್ತಿಲ್ಲ. ಅವನು ಸ್ವಲ್ಪ ಹೊತ್ತಾದ ಮೇಲೆ ಗಾಬರಿಯಿಂದ, “ಹೋದ! ಎಲ್ಲಿ ಹೋದ?” ಎಂದ.

ಕಾಕಾ ಪೈಪನ್ನು ಕೂದಲೆಳೆಯಷ್ಟು ಸರಿಸಿದರು. ಮತ್ತೆ ಸಿಕ್ಕಿದ. ಅಪ್ಪ ನೋಡುತ್ತಿದ್ದಂತೆ ಮತ್ತೆ ಅಂಚಿಗೆ ಜಾರಿ ಮರೆಯಾದ. ಹೀಗೆ ಎಷ್ಟು ಸಲವೋ. ಕೊನೆಗೆ ಅಪ್ಪ ನೆಟ್ಟಗೆ ನಿಂತು ನಮ್ಮ ಕಡೆ ತಿರುಗಿದಾಗ ಅವನ ಮುಖ ಬೇರೆಯಾಗಿತ್ತು.

“ಅಮ್ಮ, ಇವ ಕೂತದ್ದಲ್ಲ. ನಿಂತಲ್ಲಿ ನಿಲ್ಲುದೇ ಇಲ್ಲ ಇವ. ನಾನು ನೋಡ್ತಾ ಇದ್ದ ಹಾಗೇ ಹೋಗ್ತಾ ಇದ್ದಾನೆ.”

“ಹೋಗ್ತಾ ಇದ್ದಾನಾ?” ಎಂದಳು ಅಜ್ಜಿ.

“ಹೋಗ್ತಾನೇ ಇದ್ದಾನೆ.”

ನನ್ನ ಬಾಯಿ ತೆರೆಯಿತು. ಯಾಕೆಂದರೆ ಅದು ಸರಿಯಲ್ಲ. ದೂರದರ್ಶಕದಲ್ಲಿ ಜಾರಿಹೋಗುವುದು ಶನಿಯಲ್ಲ. ಭೂಮಿ ತನ್ನಷ್ಟಕ್ಕೆ ತಿರುಗುತ್ತಿರುವುದರಿಂದ ಟೆರೇಸು, ಟ್ಯಾಂಕು, ಅಪ್ಪ, ಪೈಪು ಎಲ್ಲ ಸೇರಿ ನಾವೇ ಜಾರುತ್ತಿರುತ್ತೇವೆ. “ಅಪ್ಪ, ಅದು...” ಎನ್ನುವಷ್ಟರಲ್ಲಿ ಅಮ್ಮನ ಬೆರಳುಗಳು ನನ್ನ ಮೊಣಕೈ ಮೇಲಿನ ಮಾಂಸವನ್ನು ಹಿಡಿದು ತಿರುಚಿದವು. ಕೆಳಗಿಳಿದ ಮೇಲೆ ಅಪ್ಪ ಶೇಖರಣ್ಣನಿಗೆ ಫೋನು ಮಾಡಿ ನಾಳೆ ಬರುತ್ತೇನೆ ಎಂದ. ಅಮ್ಮ ನನ್ನನ್ನು ಅಡುಗೆಮನೆಗೆ ಕರೆದಳು.

“ನಾಳೆ ಅವರು ಗಾಡಿ ಹತ್ತುವ ತನಕ ನಿನ್ನ ವಿಜ್ಞಾನ ಬಾಯಿಂದ ಹೊರಗೆ ಬಂತೋ, ನೋಡು.”

ಭಾನುವಾರ ಬೆಳಿಗ್ಗೆ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಟ. ಸ್ಟೇಷನಿನವರೆಗೆ ಬರುತ್ತೇನೆ ಎಂದು ನಾನೂ ಹೊರಟೆ. ಅಮ್ಮ ಬಾಗಿಲಲ್ಲಿ ನಿಂತು ನನಗೆ ಕಣ್ಣು ಬಿಟ್ಟಳು. ದಾರಿಯುದ್ದಕ್ಕೂ ನಾನು ಹಲ್ಲು ಕಚ್ಚಿ ನಡೆದೆ. ಹೇಳಿದರೆ ಅಪ್ಪ ವಾಪಸು ಮನೆಗೆ ಬಂದು ಕಿಟಕಿಯ ಹತ್ತಿರ ನಿಲ್ಲುತ್ತಾನೆ. ಅಮ್ಮ ಮತ್ತೆ ನಗುವುದಿಲ್ಲ. ಹೇಳದಿದ್ದರೆ, ನಾನು ತೋರಿಸಿದ ಆಕಾಶದಲ್ಲೇ ಅಪ್ಪ ತಪ್ಪು ತಿಳಿದುಕೊಂಡು ಹೋಗುತ್ತಾನೆ. ನಾಳೆ ಐದನೇ ಕ್ಲಾಸಿನ ಮಕ್ಕಳಿಗೆ ಸರಿಯಾದದ್ದನ್ನು ಹೇಳಿ, ನನ್ನ ಅಪ್ಪನಿಗೆ ಮಾತ್ರ ಬೇರೆ ಹೇಳುವುದೇ? ವಡಾಲ ಸ್ಟೇಷನಿನ ಪ್ಲಾಟ್‌ಫಾರ್ಮಿನಲ್ಲಿ ಕುರ್ಲಾ ಕಡೆಯ ಗಾಡಿ ದೂರದಲ್ಲಿ ಕಾಣಿಸಿದಾಗ ನನ್ನಿಂದ ತಡೆಯಲಾಗಲಿಲ್ಲ.

“ಅಪ್ಪ, ನಿನ್ನೆ ಹೋಗ್ತಾ ಇದ್ದದ್ದು ಶನಿ ಅಲ್ಲ.”

“ಮತ್ತೆ ಯಾರು?”

“ನಾವು. ಭೂಮಿ ತಿರುಗ್ತಾ ಇರ್ತದಲ್ಲ, ಅದಕ್ಕೆ ಅವ ಜಾರಿದ ಹಾಗೆ ಕಾಣ್ತದೆ. ಅವ ಹೋಗುದು ಹೌದು, ಆದ್ರೆ ತುಂಬ ನಿಧಾನ. ಅಷ್ಟು ಬೇಗ ಕಣ್ಣಿಗೆ ಕಾಣುದಿಲ್ಲ.”

ಅಪ್ಪ ನನ್ನನ್ನೇ ನೋಡಿದ. ಗಾಡಿ ಪ್ಲಾಟ್‌ಫಾರ್ಮಿಗೆ ಬರುತ್ತಿತ್ತು. ಜನ ಮುಂದಕ್ಕೆ ನುಗ್ಗುತ್ತಿದ್ದರು. ಅವನು ಕದಲಲಿಲ್ಲ. ಎಲ್ಲ ಹಾಳಾಯಿತು, ಅಮ್ಮನಿಗೆ ಹೇಗೆ ಮುಖ ತೋರಿಸಲಿ ಎಂದುಕೊಂಡೆ.

“ನಾವಾ?”

“ನಾವೇ ಅಪ್ಪ.”

“ಅಂದ್ರೆ ನಾನು ಇಷ್ಟು ದಿನ ಮನೇಲಿ ಕೂತಿದ್ದೆ ಅಂತ ನಿನ್ನ ಅಮ್ಮ ಬೈತಾ ಇದ್ದದ್ದು? ಕೂತಲ್ಲೇ ಹೋಗ್ತಾ ಇದ್ದೆನಾ ನಾನು?”

“ಹೌದು. ತುಂಬ ಸ್ಪೀಡಾಗಿ.”

ಅಪ್ಪನಿಗೆ ನಗು ಬಂತು. ಹೋಟೆಲಿನಲ್ಲಿ ಗಿರಾಕಿಗಳಿಗೆ ಕೇಳಿಸುತ್ತಿದ್ದಂಥ ದೊಡ್ಡ ನಗು, ಪಕ್ಕದವರು ತಿರುಗಿ ನೋಡಿದರು. ನನ್ನ ತಲೆಗೆ ಒಂದು ಮೊಟಕಿ, ಓಡಿ ಹೋಗಿ ಬಾಗಿಲ ಕಂಬಿ ಹಿಡಿದು ಹತ್ತಿದ. ಗಾಡಿ ಕದಲಿತು. ಅಷ್ಟು ಜನರ ನಡುವಿನಿಂದ ಕುತ್ತಿಗೆ ಹೊರಗೆ ಹಾಕಿ ನನ್ನನ್ನು ಹುಡುಕಿ ಕೂಗಿದ.

“ಅಜ್ಜಿಗೆ ಮಾತ್ರ ಹೇಳ್ಬೇಡ!”